ಸ್ಪ್ರಿಂಟ್ ಪವರ್: ನಿಮ್ಮ ಅಂಕಿ ಎಷ್ಟು ಸೆಕೆಂಡಿನದು?

ಪ್ರಶ್ನೆ: ನನ್ನ ಸೈಕಲ್ಲಿನ ಎಡ ಕ್ರ್ಯಾಂಕ್‌ನಲ್ಲಿ (ಪೆಡಲ್ ಕೂರುವ ತೋಳು) ಪವರ್ ಮೀಟರ್, ಅಂದರೆ ತುಳಿತದ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಸಾಧನ ಇದೆ. ಸ್ಪ್ರಿಂಟ್‌ನಲ್ಲಿ 1,050 ವಾಟ್ ಬಂತು. ಅದೇ ಸ್ಪ್ರಿಂಟ್‌ಗೆ, ಎರಡೂ ಕಾಲು ಅಳೆಯುವ ಗೆಳೆಯನ ಪೆಡಲ್ 980 ತೋರಿಸಿತು. ಯಾವುದು ಸರಿ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ. ನಿಮ್ಮ ಮೀಟರ್ ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುತ್ತದೆ. ಎಡಗಾಲು 525, ಬಲಗಾಲು 455 ಇದ್ದರೂ ಅದು 1,050 ಅಂತಲೇ ತೋರಿಸುತ್ತದೆ. ಆರಾಮಾಗಿ ತುಳಿಯುವಾಗ ಎರಡೂ ಕಾಲು ಸಮ ಇರುವವರಿಗೂ ಎದ್ದು ನಿಂತು ತುಳಿದಾಗ ಲೆಕ್ಕ ಬದಲಾಗಬಹುದು.

ಝೀರೋ ಮಾಡಿದ್ರಾ, ಅಂದರೆ ಭಾರವಿಲ್ಲದಾಗ ಮೀಟರ್ ಸೊನ್ನೆ ತೋರಿಸುವಂತೆ ಹೊಂದಿಸಿದ್ರಾ? ಕ್ರ್ಯಾಂಕ್ ಎಷ್ಟು ಬಾಗಿತು ಎಂದು ಅಳೆಯುವ, ಮೀಟರ್ ಒಳಗಿನ ಸ್ಟ್ರೇನ್ ಗೇಜ್‌ನ ಓದು ಚಳಿಗೆ, ಬಿಸಿಲಿಗೆ ಜರುಗುತ್ತದೆ. ಮನೆಯಿಂದ ಹೊರಟು 15 ನಿಮಿಷ ಓಡಿಸಿ, ಇಳಿದು, ಪೆಡಲ್ ಮೇಲೆ ಭಾರವಿಲ್ಲದೆ ಝೀರೋ ಮಾಡಿ.

ಇನ್ನು ಈ 1,050 ಎಷ್ಟು ಸೆಕೆಂಡಿನದು? ಅದನ್ನು ಯಾರೂ ಬರೆಯುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಒಂದು ಸೆಕೆಂಡಿನ ಅಂಕಿ ಸುಮ್ನೆ ಮೇಲಕ್ಕೆ ಹಾರಿರಬಹುದು. 5 ಸೆಕೆಂಡಿನ ಸರಾಸರಿ ತೆಗೆದುಕೊಳ್ಳಿ, ಪಕ್ಕದಲ್ಲೇ ಕ್ಯಾಡೆನ್ಸ್ (ನಿಮಿಷಕ್ಕೆ ಎಷ್ಟು ಸುತ್ತು ತುಳಿದಿರಿ) ಬರೆದಿಡಿ. ನಿಮಿಷಕ್ಕೆ 120 ಸುತ್ತು ತುಳಿದರೆ 1,000 ವಾಟ್‌ಗೆ ಸುಮಾರು 80 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಾಕು. 60 ಸುತ್ತಿಗೆ ಅದರ ಎರಡರಷ್ಟು ಬೇಕು. ಭಾರದ ಗೇರ್ ಹಾಕಿಕೊಂಡು ಒದ್ದಾಡುವವರಿಗೆ ದೊಡ್ಡ ಅಂಕಿ ಬಾರದಿರುವುದು ಅದಕ್ಕೇ.

ಅದೇ ರಸ್ತೆ, ಅದೇ ಗೇರ್, ಮೂರು ಸ್ಪ್ರಿಂಟ್. ನಡುವೆ 5 ನಿಮಿಷವಾದರೂ ಸುಧಾರಿಸಿಕೊಳ್ಳಿ. ನಿಮ್ಮ ಮೀಟರನ್ನೇ ಇಟ್ಟುಕೊಂಡು ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ, ಗೆಳೆಯನದರ ಜೊತೆ ಬೇಡ. ದಯವಿಟ್ಟು ಹೆದ್ದಾರಿಯ ಸರ್ವಿಸ್ ರಸ್ತೆಗೆ ಹೋಗಬೇಡಿ. ತಲೆ ತಗ್ಗಿಸಿ ತುಳಿಯುವಾಗ ರಾಂಗ್ ಸೈಡಲ್ಲಿ ಬರುವ ಟ್ರ್ಯಾಕ್ಟರ್ ಕಾಣುವುದಿಲ್ಲ.

ಪ್ರಶ್ನೆ: ಮೀಟರ್ ಇಲ್ಲ. ಮೊಬೈಲ್ ಆ್ಯಪ್ 1,400 ವಾಟ್ ಅಂದಿತು. ನಂಬಬಹುದಾ? – ಕೋಲಾರ

ಉತ್ತರ: ಬೇಡ. ಅದು ವೇಗ, ತೂಕ, ಏರು ನೋಡಿ ಹಾಕಿದ ಅಂದಾಜು. ಬೆನ್ನಿಗೆ ಗಾಳಿ ಇತ್ತೋ, ನೀವು ಯಾರ ಹಿಂದೆ ಅಂಟಿಕೊಂಡಿದ್ದಿರೋ ಅದಕ್ಕೇನು ಗೊತ್ತು?

ಪ್ರಶ್ನೆ: ಜಿಮ್‌ನವರು ಕೊಡುವ ಪುಡಿಯಿಂದ ವಾರದಲ್ಲಿ 200 ವಾಟ್ ಜಾಸ್ತಿ ಆಗುತ್ತಂತೆ, ಹೌದಾ? – ಶಿಡ್ಲಘಟ್ಟ

ಉತ್ತರ: ಶುದ್ಧ ಸುಳ್ಳು. ಅದರಲ್ಲಿ ನಿಷೇಧಿತ ಮದ್ದು ಬೆರೆತಿದ್ದರೆ ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುವವರು ನೀವು, ಮಾರಿದವನಲ್ಲ. ಇವತ್ತೇ ಬಿಸಾಡಿ.

ಪ್ರಶ್ನೆ: ನಂದಿ ಬೆಟ್ಟ ಹತ್ತಿದ ಸಮಯದಿಂದ ಸ್ಪ್ರಿಂಟ್ ಪವರ್ ತಿಳಿಯುತ್ತಾ?

ಉತ್ತರ: ಇಲ್ಲ. ಅದು ಅರ್ಧ ಗಂಟೆಯ ದಮ್ಮು, ನೀವು ಕೇಳುತ್ತಿರುವುದು ಹತ್ತು ಸೆಕೆಂಡಿನದು.