ಗೆಳೆಯನ ಮೊದಲ ಆಲ್ಬಂ ಬರ್ತಿದೆ, ನಾನೇನು ಮಾಡಬಹುದು?

ನಿಮ್ಮ ಗೆಳೆಯ ತಾನೇ ಬರೆದು, ತಾನೇ ರಾಗ ಹಾಕಿ ಹಾಡುತ್ತಾನೆ, ಮೊದಲ ಆಲ್ಬಂ ಸದ್ಯದಲ್ಲೇ ಬರಲಿದೆ, ಸ್ಟೇಟಸ್‌ಗೆ ಹಾಕೋದು ಬಿಟ್ಟು ಇನ್ನೇನು ಮಾಡಬಹುದು ಅಂತ ಕೇಳಿದ್ದೀರಿ. ತುಂಬಾ ಮಾಡಬಹುದು. ಅದರಲ್ಲೂ ಮುಖ್ಯವಾದ ಕೆಲಸ ಇರೋದು ಆಲ್ಬಂ ಬರುವ ಮೊದಲು.

ನನ್ನ ಗೆಳೆಯನೊಬ್ಬ ಸಾಗರದವನು. ಅವನ ಮೊದಲ ಆಲ್ಬಂ ಆಗುವಾಗ ಪಕ್ಕದಲ್ಲೇ ಇದ್ದೆ. ಅದರಿಂದ ಗೊತ್ತಾದದ್ದನ್ನು ಹೇಳುತ್ತೇನೆ.

ನಮ್ಮ ಕಡೆ ಯಾರಾದರೂ ಹಾಡಿದರೆ ಕೇಳುವ ಮೊದಲ ಮಾತೇ "ಸಾಹಿತ್ಯ ಯಾರದು?" ಸುಗಮ ಸಂಗೀತದಲ್ಲಿ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟೂ ಹಾಗೇ, ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಅಂಥ ಹಾಡು ಕೇಳಿಕೊಂಡೇ ಬೆಳೆದವನು ನಾನು, ಈಗಲೂ ದಿನಾ ಕೇಳುತ್ತೇನೆ. ಆದರೆ ಹೆಸರೇ ಕೇಳಿರದ ಹುಡುಗನೊಬ್ಬ "ಇದು ನಂದೇ" ಅಂತ ಹಾಡಿದರೆ ಜನಕ್ಕೆ ಅವನನ್ನು ಎಲ್ಲಿ ಇಡಬೇಕು ಅಂತ ತಿಳಿಯೋದಿಲ್ಲ. ಗಣಪತಿ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ "ನಿಮ್ಮದು ಒಂದು ಸಾಕು, ಆಮೇಲೆ ಎಲ್ಲರಿಗೂ ಗೊತ್ತಿರೋದು ಹಾಡಿ" ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಅವನಿಗೇ ತನ್ನ ಹಾಡಿನ ಮೇಲೆ ಅನುಮಾನ ಶುರುವಾಗುತ್ತದೆ. ಸ್ನೇಹಿತರು ಬೇಕಾಗೋದು ಆಗ.

ನನ್ನ ಗೆಳೆಯನ ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅವನ ಅಪ್ಪನ ಮೇಲಿನ ಹಾಡು. ಅಪ್ಪ ಶಿವಮೊಗ್ಗ-ಸಾಗರ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಪಲ್ಲವಿಯಲ್ಲಿ ಬರೀ ಊರುಗಳ ಹೆಸರು. ಆಯನೂರು, ಕುಂಸಿ, ಚೋರಡಿ, ಆನಂದಪುರ. ಕಂಡಕ್ಟರು ಕೂಗುವ ಧಾಟಿಯಲ್ಲೇ, ಕೊನೆ ಅಕ್ಷರ ಎಳೆದು ಹಾಡುತ್ತಾನೆ. ಚರಣದಲ್ಲಿ ಅಪ್ಪ ರಾತ್ರಿ ಮನೆಗೆ ಬಂದು ಚರ್ಮದ ಬ್ಯಾಗನ್ನು ಚಾಪೆ ಮೇಲೆ ಸುರಿದು ಚಿಲ್ಲರೆ ಎಣಿಸುತ್ತಾರೆ, ಮಗ ಎಂಟಾಣೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತಿರುತ್ತಾನೆ. ಅಲ್ಲಿಗೆ ಬಂದಾಗ ತಬಲ ನಿಲ್ಲುತ್ತದೆ. ಗಿಟಾರಿನ ಒಂದೇ ತಂತಿ ಕೇಳುತ್ತಿರುತ್ತದೆ. ಪ್ರತಿ ಸಲ ಕೇಳಿದಾಗಲೂ ನನಗೆ ಗಂಟಲು ಕಟ್ಟುತ್ತದೆ.

ರೆಕಾರ್ಡಿಂಗ್ ಸಮಯದಲ್ಲಿ ಯಾರೋ "ಈ ಊರ ಹೆಸರೆಲ್ಲ ತೆಗೆದುಬಿಡಿ, ಹೊರಗಿನವರಿಗೆ ಗೊತ್ತಾಗಲ್ಲ" ಅಂದರು. ಅವನು ಬದಲಿ ಸಾಲು ಬರೆಯೋಕೆ ಕೂತೇಬಿಟ್ಟಿದ್ದ. ನಾವು ಒಂದಿಬ್ಬರು ಪಟ್ಟು ಹಿಡಿದು ಬೇಡ ಅಂದೆವು. ಕುಂಸಿ ಎಲ್ಲಿದೆ ಅಂತ ಗೊತ್ತಿಲ್ಲದವನಿಗೂ ಅವನಪ್ಪ ಒಬ್ಬ ಕಂಡಕ್ಟರು ಅಂತ ಗೊತ್ತಾಗುತ್ತದೆ, ಅಷ್ಟು ಸಾಕಲ್ವಾ? ಊರಿನ ಹೆಸರು ತೆಗೆದಿದ್ದರೆ ಅದು ಯಾರ ಅಪ್ಪನ ಹಾಡೂ ಆಗಿರಬಹುದಿತ್ತು.

ಆದ್ದರಿಂದ ನಿಮ್ಮ ಗೆಳೆಯನ ಹತ್ತಿರ ಮಿಕ್ಸ್, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಸೇರಿಸುವ ಕೆಲಸ, ಮುಗಿಯುವ ಮೊದಲೇ ಹಾಡು ಇಸ್ಕೊಳ್ಳಿ. ಸ್ಪೀಕರಿನಲ್ಲಿ ಕೇಳಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿ. ಸುಮ್ನೆ "ಸೂಪರ್ ಮಗಾ" ಅನ್ನಬೇಡಿ, ಅದರಿಂದ ಅವನಿಗೆ ಏನೂ ಉಪಯೋಗವಿಲ್ಲ. "ಎರಡನೇ ಚರಣದಲ್ಲಿ 'ಹೊಳೆ' ಅನ್ನೋದು 'ಒಳೆ' ಅಂತ ಕೇಳ್ತಿದೆ", "ಇಲ್ಲಿ ಕೊಳಲು ಜಾಸ್ತಿಯಾಗಿ ಮಾತು ಮುಳುಗ್ತಿದೆ" ಅಂತ ಜಾಗ ತೋರಿಸಿ ಹೇಳಿ. ಯಾವ ಸಾಲು ಮುಟ್ಟಬಾರದು ಅನ್ನೋದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ.

ಇನ್ನು ಕಾಗದದ ಕೆಲಸ. ಬೇಜಾರಿನದ್ದು, ಆದರೆ ಬಿಡಬೇಡಿ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು ಸೇರೋದು ಅದನ್ನು ಮಾಡಿಸುವ ಹೊಣೆ ಹೊತ್ತ ನಿರ್ಮಾಪಕನಿಗೆ. ಬೇರೆ ಯಾರಾದರೂ ದುಡ್ಡು ಹಾಕಿ ಮಾಡಿಸುತ್ತಿದ್ದರೆ ಯಾರಿಗೆ ಏನು ಅಂತ ಮೊದಲೇ ಬರೆದಿಟ್ಟುಕೊಳ್ಳಲಿ. ಬಾಯಿಮಾತು ಬೇಡ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಬರೆದವರಿಗೂ ರಾಗ ಹಾಕಿದವರಿಗೂ, ಹಕ್ಕು ಬರೆಸಿಕೊಂಡವರ ಜೊತೆ ರಾಯಲ್ಟಿಯಲ್ಲಿ (ಹಾಡು ಬಳಸಿದ್ದಕ್ಕೆ ಬರುವ ಹಣದಲ್ಲಿ) ಸಮಪಾಲು ಪಡೆಯುವ ಹಕ್ಕಿದೆ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟರೆ ಬೇರೆ ಯಾರಿಗೂ ಅದನ್ನು ಬರೆದುಕೊಡೋಕೆ ಬರೋದಿಲ್ಲ. ಆ ಹಣ ವಸೂಲಿ ಮಾಡಿ ಕೊಡುವ ಸಂಸ್ಥೆ ಐಪಿಆರ್‌ಎಸ್. ನಿಮ್ಮ ಗೆಳೆಯ ಎರಡೂ ಮಾಡುತ್ತಾನಲ್ಲ, ಸಾಹಿತಿಯಾಗಿಯೂ ಸಂಯೋಜಕನಾಗಿಯೂ ಹೆಸರು ಕೊಡಲಿ.

ಸ್ಪಾಟಿಫೈನಂಥ ಕಡೆ ನೇರವಾಗಿ ಹಾಡು ಹಾಕೋಕೆ ಆಗಲ್ಲ, ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಕೆಲವರು ವರ್ಷಕ್ಕಿಷ್ಟು ಅಂತ ದುಡ್ಡು ತಗೊಳ್ಳುತ್ತಾರೆ. ಕಟ್ಟೋದು ನಿಲ್ಲಿಸಿದರೆ ಹಾಡು ಏನಾಗುತ್ತದೆ ಅಂತ ಸೇರುವ ಮೊದಲೇ ಕೇಳಿಕೊಳ್ಳಲಿ. ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ, ಇಲ್ಲದಿದ್ದರೆ ಹಾಡು ಇನ್ಯಾರದೋ ಪುಟಕ್ಕೆ ಹೋಗಿ ಕೂರುತ್ತದೆ. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಒಂದು ಹಾಡನ್ನು ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್‌ಗೆ ಹಾಡು ಆರಿಸುವ ಸಂಪಾದಕರಿಗೆ ಕಳಿಸೋಕೆ ಅವಕಾಶವಿದೆ, ಅದನ್ನು ತಪ್ಪಿಸಬೇಡಿ ಅನ್ನಿ. ಹಾಡುಗಳ ಸಾಹಿತ್ಯವನ್ನು ಕನ್ನಡದಲ್ಲಿ ತಪ್ಪಿಲ್ಲದೆ ಟೈಪ್ ಮಾಡಿಕೊಡಿ. ಇದನ್ನು ನೀವೇ ಮಾಡಬಹುದು. ಕೊನೇ ಗಳಿಗೆಯಲ್ಲಿ ಅವನಿಗೆ ಇದಕ್ಕೆ ಪುರುಸೊತ್ತೇ ಇರೋದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ಸಿಗೋದಿಲ್ಲ. 30 ಸೆಕೆಂಡ್ ಆದರೂ ಕೇಳಿದರೆ ಒಂದು ಸಲ ಅಂತ ಲೆಕ್ಕ. ಇದನ್ನು ನೋಡಿ ಕೆಲವು ಅಭಿಮಾನಿ ಗೆಳೆಯರು ಫೋನನ್ನು ಮ್ಯೂಟ್ ಮಾಡಿ ರಾತ್ರಿಯಿಡೀ ಹಾಡು ಓಡಿಸುತ್ತಾರೆ. ದುಡ್ಡು ಕೊಟ್ಟು ಸ್ಟ್ರೀಮ್ ತಗೊಳ್ಳುವವರೂ ಇದ್ದಾರೆ. ನಕಲಿ ಅಂತ ಕಂಡರೆ ಆ ಎಣಿಕೆಯನ್ನು ತೆಗೆಯುತ್ತಾರೆ, ಹಾಡನ್ನೇ ತೆಗೆದುಹಾಕಿದರೂ ಹಾಕಿದರೇ. ಅದರ ಬದಲು ಈ ಹಾಡು ಯಾರಿಗೆ ಹಿಡಿಸಬಹುದು ಅಂತ ಯೋಚಿಸಿ, ಒಬ್ಬೊಬ್ಬರಿಗೆ ಒಂದೊಂದೇ ಹಾಡು ಕಳಿಸಿ. ಯಾಕೆ ಕಳಿಸಿದೆ ಅಂತ ಎರಡು ಸಾಲು ಬರೆಯಿರಿ. ನಾನು ಆ ಕಂಡಕ್ಟರ್ ಹಾಡನ್ನು ಮೊದಲು ಕಳಿಸಿದ್ದು ಆ ರಸ್ತೆಯಲ್ಲಿ ದಿನಾ ಕಾಲೇಜಿಗೆ ಓಡಾಡಿದವರಿಗೆ. ಅವರು ಮನೆಯವರಿಗೆಲ್ಲ ಕೇಳಿಸಿದರು.

ಕೊನೆಗೆ, ಬರೀ ಅವನದೇ ಹಾಡುಗಳಿಗೆ ಒಂದು ಸಂಜೆ ಮಾಡಿ. ದೊಡ್ಡ ಸಭಾಂಗಣ ಬೇಕಾಗಿಲ್ಲ. ಮನೆಯ ತಾರಸಿ, ಲೈಬ್ರರಿಯ ಕೋಣೆ, ಯಾರದಾದರೂ ಅಡಿಕೆ ಅಂಗಳ ಆದರೂ ನಡೆಯುತ್ತದೆ. ಟಿಕೆಟ್ ಇಡಿ, ಕಡಿಮೆಯಾದರೂ ಇಡಿ. ನಾವು ಗೆಳೆಯರು ಅಂತ ಫ್ರೀಯಾಗಿ ಒಳಗೆ ಹೋಗಬೇಡಿ. ತಬಲದವರಿಗೆ, ಮೈಕ್ ಸೆಟ್‌ನವರಿಗೆ ಅವನು ದುಡ್ಡು ಕೊಡಲೇಬೇಕು.