ಪೈಥಾನ್ ಬದಲಿಸಿದಿರಿ, ಟರ್ಮಿನಲ್ ಕಳೆದುಕೊಂಡಿರಿ

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ. ಪ್ರಾಜೆಕ್ಟ್‌ಗೆ ಪೈಥಾನ್ 3.12 ಬೇಕಿತ್ತು. ವಿಡಿಯೊ ನೋಡಿ ಅದನ್ನು ಹಾಕಿಕೊಂಡು, ‘ಪೈಥಾನ್3’ ಎಂದು ಕರೆದರೆ ಅದೇ ಓಡುವಂತೆ ಬದಲಿಸಿದೆ. ಅಂದಿನಿಂದ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯುತ್ತಿಲ್ಲ. ಉಬುಂಟು ಬಿಟ್ಟು ಆರ್ಚ್ ಹಾಕು ಎನ್ನುತ್ತಾರೆ ಗೆಳೆಯರು. ಪ್ರೋಗ್ರಾಮಿಂಗ್‌ಗೆ ಯಾವ ಲಿನಕ್ಸ್ ಒಳ್ಳೆಯದು?

ಉತ್ತರ: ಆವೃತ್ತಿಯ ಅಂಕಿ ಮಾತ್ರ ಬದಲಾಗಿ ಇದೇ ಪತ್ರ ಮತ್ತೆ ಮತ್ತೆ ಬರುತ್ತದೆ. ಈ ಸಲ ವಿವರವಾಗಿ ಬರೆಯುತ್ತೇನೆ. ಇದನ್ನು ಕತ್ತರಿಸಿ ಇಟ್ಟುಕೊಳ್ಳಿ.

ಉಬುಂಟು ಕೆಟ್ಟಿಲ್ಲ, ನೀವು ಕೆಡಿಸಿದ್ದೀರಿ. 22.04ರೊಂದಿಗೆ ಬರುವ ಪೈಥಾನ್ 3.10 ನಿಮ್ಮ ಪ್ರಾಜೆಕ್ಟ್‌ಗೆಂದು ಇಟ್ಟದ್ದಲ್ಲ. ಅದರ ಮೇಲೆ ವ್ಯವಸ್ಥೆಯೇ ನಿಂತಿದೆ. ಅಲ್ಲಿ ಗ್ನೋಮ್ ಟರ್ಮಿನಲ್ಲನ್ನು ತೆರೆಯುವುದೇ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್. ಅದಕ್ಕೆ ಬೇಕಾದ ಮಾಡ್ಯೂಲ್ 3.10ಕ್ಕೆ ಕಂಪೈಲ್ ಆಗಿದೆ, 3.12ರ ಕೈಗೆ ಸಿಗುವುದಿಲ್ಲ. ಹೊಸ ರೆಪಾಸಿಟರಿ (ತಂತ್ರಾಂಶಗಳ ಉಗ್ರಾಣ) ಸೇರಿಸುವ ಆದೇಶಕ್ಕೂ ಇದೇ ಗತಿ. ಅಡಿಪಾಯದ ಕಲ್ಲನ್ನು ಕಿತ್ತು ಒರಳು ಮಾಡಿಕೊಂಡು, ಗೋಡೆ ಬಿರುಕು ಬಿಟ್ಟಿತೆಂದು ಮೇಸ್ತ್ರಿಯನ್ನು ಬೈದಂತಾಯಿತು.

ಮರುಸ್ಥಾಪನೆ ಬೇಡ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಪಠ್ಯದ ಕನ್ಸೋಲ್ ಬರುತ್ತದೆ. ಅಲ್ಲಿ ಲಾಗಿನ್ ಆಗಿ, ‘ಯುಎಸ್‌ಆರ್’ ಒಳಗಿನ ‘ಬಿನ್’ ಡೈರೆಕ್ಟರಿಯಲ್ಲಿರುವ ‘ಪೈಥಾನ್3’ ಎಂಬ ಸಿಂಬಾಲಿಕ್ ಲಿಂಕನ್ನು (ಬೇರೆ ಕಡತದತ್ತ ಬೊಟ್ಟುಮಾಡುವ ಹೆಸರು) ಮತ್ತೆ ‘ಪೈಥಾನ್3.10’ರ ಕಡೆಗೆ ತಿರುಗಿಸಿ. 3.12 ಪಕ್ಕದಲ್ಲಿಯೇ ಇರಲಿ, ಅದರಿಂದ ತೊಂದರೆಯಿಲ್ಲ. ಅದನ್ನು ‘ಪೈಥಾನ್3.12’ ಎಂದು ಪೂರ್ಣ ಹೆಸರಿನಿಂದಲೇ ಕರೆಯಿರಿ, ಪ್ರತಿ ಪ್ರಾಜೆಕ್ಟ್‌ಗೂ ಅದರ ಪ್ಯಾಕೇಜುಗಳಿಗೆಂದೇ ಬೇರೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ. ‘ಸುಡೊ’ (ಆಡಳಿತಗಾರನ ಅಧಿಕಾರ ಕೊಡುವ ಆದೇಶ) ಮತ್ತು ‘ಪಿಪ್’ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಒಂದೇ ಸಾಲಿನಲ್ಲಿ ಕಾಣಿಸಿದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿ.

ಈ ಅನಾಹುತ ಸಾಕಾಗಿಯೇ 2023ರಲ್ಲಿ ಡೆಬಿಯನ್ 12 ಮತ್ತು ಉಬುಂಟು 23.04, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಕೈಹಾಕದಂತೆ ತಡೆ ಹಾಕಿದವು. ನಮ್ಮ ವಿಡಿಯೊ ಗುರುಗಳು ಸುಮ್ಮನಿರುತ್ತಾರೆಯೇ? ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆ ಕೊಟ್ಟು ತಡೆಯನ್ನು ದಾಟುವುದನ್ನೇ ಮೊದಲ ಪಾಠ ಮಾಡಿಕೊಂಡಿದ್ದಾರೆ. ಕಲಿಸುವವರ ಗಣಕ ಹಾಳಾಗುವುದಿಲ್ಲ, ನಿಮ್ಮದಾಗುತ್ತದೆ.

ಇನ್ನು ಯಾವ ಲಿನಕ್ಸ್ ಎಂಬುದು. ನಿಮ್ಮ ಕೋಡ್ ಕೊನೆಗೆ ಯಾವ ಸರ್ವರ್‌ನಲ್ಲಿ ಓಡುತ್ತದೆಯೋ ಅದರ ಬಳಗದ್ದನ್ನೇ ಹಾಕಿ. ಗೊತ್ತಿಲ್ಲದಿದ್ದರೆ ಉಬುಂಟು ಎಲ್‌ಟಿಎಸ್ (ದೀರ್ಘ ಬೆಂಬಲದ ಆವೃತ್ತಿ) ಅಥವಾ ಡೆಬಿಯನ್ ಸ್ಟೇಬಲ್. ಕಚೇರಿಯಲ್ಲಿ ರೆಡ್ ಹ್ಯಾಟ್ ಇದ್ದರೆ ಫೆಡೋರಾ, ಆದರೆ ಅದರ ಒಂದು ಆವೃತ್ತಿಗೆ ಬೆಂಬಲ ಸುಮಾರು 13 ತಿಂಗಳು ಮಾತ್ರ. ಪರೀಕ್ಷೆಯ ವಾರದಲ್ಲಿ ಅಪ್‌ಗ್ರೇಡ್ ಮಾಡಬೇಡಿ. ಸದಾ ಹೊಸ ಆವೃತ್ತಿಗಳನ್ನೇ ಕೊಡುವ ಆರ್ಚ್ ಕೆಟ್ಟದ್ದಲ್ಲ. ಅದರ ಸುದ್ದಿಪುಟ ಓದದೆ ಅಪ್‌ಡೇಟ್ ಒತ್ತುವವರಿಗೆ ಅದು ತಕ್ಕದ್ದಲ್ಲ.

‘ಹೊಸ ಆವೃತ್ತಿಯೇ ಹೆಚ್ಚು ಸುರಕ್ಷಿತ’ ಎಂದು ವಾದಿಸುವವರಿಗೆ 2024ರ ಮಾರ್ಚ್ ನೆನಪಿಸುತ್ತೇನೆ. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಎಸ್‌ಎಸ್‌ಎಚ್ (ದೂರದ ಗಣಕ ಪ್ರವೇಶ) ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಗಮನಿಸಿ ಬೆನ್ನುಹತ್ತಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಡೆಬಿಯನ್‌ನ ಟೆಸ್ಟಿಂಗ್ ಶಾಖೆಗೆ ಅದು ಹೊಕ್ಕಿತ್ತು, ಸ್ಟೇಬಲ್‌ಗೆ ತಲುಪಿರಲಿಲ್ಲ. ತಡವಾಗಿ ಬರುವುದರಲ್ಲೂ ಒಂದು ಕಾವಲಿದೆ. ನಾನು ಕೆಲಸದ ಯಂತ್ರದಲ್ಲಿ ಹೊಸತನ್ನು, ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಕಂಟೇನರ್‌ನೊಳಗೆ ಮಾತ್ರ ಬಿಡುತ್ತೇನೆ. ಇದನ್ನು ಪುಕ್ಕಲುತನ ಎಂದುಕೊಂಡರೂ ಅಡ್ಡಿಯಿಲ್ಲ.

ಪ್ರಶ್ನೆ: ಕೋಡಿಂಗ್ ಕಲಿಯಲು ಕಾಲಿ ಲಿನಕ್ಸ್ ಹಾಕಲೇ?

ಉತ್ತರ: ಬೇಡ. ಅದು ಭದ್ರತಾ ಪರೀಕ್ಷಕರ ಲಿನಕ್ಸ್. ಅದನ್ನು ತಯಾರಿಸುವವರೇ ಬೇಡವೆಂದು ಬರೆದಿದ್ದಾರೆ.

ಪ್ರಶ್ನೆ: ವಿಂಡೋಸ್ ಬಿಡಲಾಗದು. ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಸಾಕೇ?

ಉತ್ತರ: ಧಾರಾಳವಾಗಿ ಸಾಕು. ಆದರೆ ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿ ಇಟ್ಟು ‘ಗಿಟ್ ನಿಧಾನ’ ಎಂದು ಗೋಳಾಡಬೇಡಿ. ಲಿನಕ್ಸ್‌ನ ಹೋಮ್ ಡೈರೆಕ್ಟರಿಗೆ ಸ್ಥಳಾಂತರಿಸಿ.

ಪ್ರಶ್ನೆ: ನನ್ನ ಪ್ರೋಗ್ರಾಮ್ ಕನ್ನಡದಲ್ಲಿ ಮುದ್ರಿಸುತ್ತದೆ. ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಯಾವ ಫಾಂಟ್ ಹಾಕಲಿ?

ಉತ್ತರ: ಫಾಂಟ್ ಬದಲಿಸಿ ಫಲವಿಲ್ಲ. ಹೆಚ್ಚಿನ ಟರ್ಮಿನಲ್‌ಗಳು ಅಕ್ಷರಗಳನ್ನು ಒಂದೇ ಅಗಲದ ಮನೆಗಳಲ್ಲಿ ಕೂರಿಸುತ್ತವೆ, ನಮ್ಮ ಒತ್ತಕ್ಷರ ಅದಕ್ಕೆ ಬಗ್ಗುವುದಿಲ್ಲ. ಫಲಿತಾಂಶವನ್ನು ಕಡತಕ್ಕೆ ಬರೆಸಿ ಎಡಿಟರ್‌ನಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ನಿಮ್ಮ ಕೋಡ್ ಸರಿಯಿದೆ.

ಪ್ರಶ್ನೆ: ಎಡಿಟರ್‌ಗಳಲ್ಲಿ ವಿಮ್ ಉತ್ತಮವೋ ಈಮ್ಯಾಕ್ಸೋ?

ಉತ್ತರ: ಮುಂದಿನ ಪ್ರಶ್ನೆ.