ಪಲಾಂಟೀರ್ ಸುಳ್ಳು ತೋರಿಸದು ಎಂದಾದರೆ ಡೆನೆಥಾರ್ ಮೋಸಹೋದದ್ದು ಹೇಗೆ?

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಾದಂಬರಿಯ ಪಲಾಂಟೀರ್ ಭವಿಷ್ಯ ನುಡಿಯುವ ಗೋಳವಲ್ಲ. ದೂರದ್ದನ್ನು ತೋರಿಸುವ, ಇನ್ನೊಂದು ಕಲ್ಲಿನ ಮುಂದಿರುವವನೊಡನೆ ಮನಸ್ಸಿನಿಂದಲೇ ಮಾತನಾಡಲು ಬಿಡುವ ಕಪ್ಪು ಹರಳುಗುಂಡು. ಕಥೆಯ ಲೋಕವಾದ ಮಧ್ಯಭೂಮಿಗೆ ಬಂದವು ಏಳು. ಅವುಗಳಲ್ಲೊಂದು ಗೊಂಡೋರ್ ರಾಜ್ಯವನ್ನು ರಾಜನ ಬದಲಿಗೆ ಆಳುತ್ತಿದ್ದ ಡೆನೆಥಾರನ ಬಳಿಯಿತ್ತು. ಚಿಕ್ಕ ಕಲ್ಲುಗಳ ಅಡ್ಡಳತೆ ಸುಮಾರು 1 ಅಡಿ. ಪಶ್ಚಿಮವನ್ನು ನೋಡಬೇಕಾದವನು ಕಲ್ಲಿನ ಪೂರ್ವಕ್ಕೆ ನಿಲ್ಲಬೇಕು. ಗೋಡೆ, ಬೆಟ್ಟಗಳು ನೋಟಕ್ಕೆ ಅಡ್ಡಿಯಲ್ಲ. ಆದರೆ ಕತ್ತಲಲ್ಲಿರುವುದು ಕಾಣದು, ಸದ್ದಂತೂ ಕೇಳಿಸುವುದೇ ಇಲ್ಲ.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಈ ಮಿತಿಗಳಲ್ಲೇ. ನಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕ್ಯಾಮೆರಾ ಬಸ್ಸನ್ನು ತೋರಿಸಬಲ್ಲದೇ ಹೊರತು ಒಳಗಿರುವವರು ಯಾವ ಉದ್ದೇಶಕ್ಕೆ ಹೊರಟಿದ್ದಾರೆಂದು ಹೇಳಲಾರದು. ಹಾಗೆಯೇ ಆಂಡುಯಿನ್ ನದಿಯಲ್ಲಿ ಏರಿ ಬರುತ್ತಿದ್ದ ಶತ್ರುಪಕ್ಷದ ಕಪ್ಪು ಹಾಯಿಯ ಹಡಗುಗಳು ಡೆನೆಥಾರನಿಗೆ ತಿಳಿದದ್ದು ನಿಜ. ಅವನ್ನು ಗೊಂಡೋರಿನ ರಾಜವಂಶದ ಅರಗಾರ್ನ್ ವಶಪಡಿಸಿಕೊಂಡು ನೆರವಿಗೆ ತರುತ್ತಿದ್ದಾನೆಂಬುದು ಮಾತ್ರ ತಿಳಿಯಲಿಲ್ಲ. ಮಿನಾಸ್ ಇಥಿಲ್ ಎಂಬ ಕೋಟೆನಗರದ ಕಲ್ಲನ್ನು ಹಿಡಿದಿದ್ದ, ಕಥೆಯ ಮುಖ್ಯ ಶತ್ರುವಾದ ಸೌರಾನ್ ಇಲ್ಲದ ದೃಶ್ಯವನ್ನು ಸೃಷ್ಟಿಸಲಾರನಾದರೂ, ತನ್ನ ಇಚ್ಛಾಬಲದಿಂದ ಎದುರಿನವನ ಕಣ್ಣಿಗೆ ಯಾವುದು ಬೀಳಬೇಕೆಂದು ಆಯ್ದು ತೋರಿಸಬಲ್ಲವನಾಗಿದ್ದ. ಸುಳ್ಳಿಗಿಂತ ಇದೇ ಹೆಚ್ಚು ಅಪಾಯಕಾರಿ ಎಂದು ನನಗನಿಸುತ್ತದೆ, ಏಕೆಂದರೆ ನೋಡಿದವನಿಗೆ ಸಂಶಯಪಡಲು ಕಾರಣವೇ ಉಳಿಯುವುದಿಲ್ಲ.

ಅಧಿಕಾರದ ಪ್ರಶ್ನೆಯೂ ಇಲ್ಲಿದೆ. ಗೊಂಡೋರಿನ ಮೇಲ್ವಿಚಾರಕನಾಗಿ ಕಲ್ಲನ್ನು ಬಳಸುವ ಹಕ್ಕು ಡೆನೆಥಾರನಿಗಿತ್ತು. ಆದ್ದರಿಂದ ಅವನು ಹತಾಶನಾದನೇ ವಿನಾ, ಆ ಹಕ್ಕಿಲ್ಲದೆ ಆರ್ಥಾಂಕ್ ಗೋಪುರದ ಕಲ್ಲನ್ನು ಬಳಸಿದ ಮಾಂತ್ರಿಕ ಸಾರುಮಾನ್‌ನಂತೆ ಶತ್ರುವಿನ ಕೈಗೊಂಬೆಯಾಗಲಿಲ್ಲ. ರಾಜವಂಶದ ವಾರಸುದಾರನಾದ ಅರಗಾರ್ನನಾದರೋ ಆರ್ಥಾಂಕಿನ ಕಲ್ಲನ್ನು ಸೌರಾನನ ಹಿಡಿತದಿಂದ ಬಿಡಿಸಿ ತನ್ನ ಇಚ್ಛೆಗೆ ಒಗ್ಗಿಸಿಕೊಂಡ.